ಸ್ಕೋಪ್ ಅಂದ ಕೂಡಲೇ ಎದ್ದು ಹೋಗಬೇಡಿ

"ಪೈಪೊಂದು ಬೇಡ ಸಾರ್, ಮಾತ್ರೆ ಎಷ್ಟು ಕೊಟ್ಟರೂ ನುಂಗ್ತೀನಿ."

ಅರವತ್ತು ದಾಟಿದ ಯಜಮಾನರು, ಹಳೇ ಬೀಡಿ ಚಟ. ಮೂರು ತಿಂಗಳ ಹಿಂದೆ ಒಂದು ದಿನ ಮೂತ್ರ ಕೆಂಪಗೆ ಹೋಗಿತ್ತು. ನೋವಿಲ್ಲ, ಉರಿಯಿಲ್ಲ. ಮಾರನೇ ದಿನ ತಾನಾಗೇ ನಿಂತಿತು. ಉಷ್ಣ ಆಗಿರಬೇಕು ಅಂತ ಎಳನೀರು ಕುಡಿದು ಸುಮ್ನಾದರು. ಮತ್ತೆ ಕಾಣಿಸಿಕೊಂಡಾಗ ಮಗಳು ಬಲವಂತವಾಗಿ ಕರೆದುಕೊಂಡು ಬಂದಳು. ನೋವಿಲ್ಲದೆ ರಕ್ತ ಹೋಗುವುದೇ ನಮಗೆ ಜಾಸ್ತಿ ಭಯ, ಅದರಲ್ಲೂ ಬೀಡಿ ಸಿಗರೇಟು ಸೇದುವವರಲ್ಲಿ. ಅದಕ್ಕೇ ಸ್ಕೋಪ್ ಹಾಕಿ ನೋಡೋಣ ಅಂದಿದ್ದೆ, ಅಂದರೆ ಮೂತ್ರದ ದಾರಿಯಲ್ಲಿ ಒಳಗೆ ಬಿಟ್ಟು ಮೂತ್ರಚೀಲವನ್ನು ನೋಡುವ ಕೊಳವೆ.

ಜನರ ಮನಸ್ಸಿನಲ್ಲಿರುವುದು ಹಳೇ ಸ್ಟೀಲ್ ಸ್ಕೋಪು. ಅದು ನೇರ, ಗಟ್ಟಿ. ಗಂಡಸರ ಮೂತ್ರದ ದಾರಿಯಾದರೋ ಮೂತ್ರಚೀಲದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿಯ ಹತ್ತಿರ ತಿರುವು ತೆಗೆದುಕೊಳ್ಳುತ್ತದೆ, ಅದಕ್ಕೇ ಆ ನೋವು. ಈಗಿನದು ಪೆನ್ಸಿಲ್‌ಗಿಂತ ಸಣ್ಣ, ಸುಮಾರು 5 ಮಿಲಿಮೀಟರ್ ದಪ್ಪ. ನಾನು ಹೆಬ್ಬೆರಳಲ್ಲಿ ಲಿವರ್ ಒತ್ತಿದರೆ ಅದರ ತುದಿ ಬಾಗುತ್ತದೆ, ದಾರಿ ತಿರುಗಿದ ಕಡೆ ತಾನೂ ತಿರುಗುತ್ತದೆ. ಮರಗಟ್ಟಿಸುವ ಜೆಲ್ಲಿ ಹಾಕಿ ಐದು ಹತ್ತು ನಿಮಿಷ ಕಾಯುತ್ತೇವೆ. ಬೆನ್ನಿಗೆ ಇಂಜೆಕ್ಷನ್ ಬೇಕಾಗುವುದಿಲ್ಲ.

ಯಜಮಾನರು ಕೊನೆಗೂ ಒಪ್ಪಿದರು. ತಿರುವು ದಾಟುವಾಗ "ಮೂತ್ರ ಮಾಡೋ ಥರ ಸಡಿಲ ಬಿಡಿ" ಅಂದೆ, ಒಮ್ಮೆ ಮುಖ ಕಿವುಚಿದರು, ಅಷ್ಟೇ. ಮೂತ್ರಚೀಲ ನೀರು ತುಂಬಿಕೊಂಡು ಅರಳಿತು. ಪಕ್ಕದ ಸ್ಕ್ರೀನಿನಲ್ಲಿ ಕಿಡ್ನಿಯಿಂದ ಬರುವ ನಾಳದ ಬಾಯಿ ಕಾಣಿಸಿತು, ಸ್ವಲ್ಪ ಸ್ವಲ್ಪ ಹೊತ್ತಿಗೆ ಅದು ತೆರೆದು ಮೂತ್ರ ಚಿಮ್ಮುತ್ತಿದ್ದುದನ್ನು ಅವರೇ ಕಣ್ಣು ಬಿಟ್ಟು ನೋಡಿದರು. ಅದರ ಪಕ್ಕದಲ್ಲೇ ಕಡಲೆಕಾಳಿನಷ್ಟು ಗೆಡ್ಡೆ, ನೀರೊಳಗಿನ ಪಾಚಿಯ ಹಾಗೆ ಅಲ್ಲಾಡುತ್ತಿತ್ತು. ಸ್ಕ್ಯಾನಿಂಗ್‌ನಲ್ಲಿ ಅದು ಕಂಡೇ ಇರಲಿಲ್ಲ. ಇಷ್ಟು ಸಣ್ಣವನ್ನು ಸ್ಕ್ಯಾನಿಂಗ್ ಬಿಟ್ಟುಬಿಡುವುದುಂಟು. ಇಂಥ ಗೆಡ್ಡೆಯನ್ನು ತೆಗೆಯಲು ಸಾಮಾನ್ಯವಾಗಿ ಅರಿವಳಿಕೆ ಕೊಟ್ಟು ಗಟ್ಟಿ ಸ್ಕೋಪನ್ನೇ ಬಳಸುತ್ತೇವೆ, ಅದನ್ನೂ ಅವರಿಗೆ ಮುಚ್ಚಿಡದೆ ಹೇಳಿದೆ.

ಪರೀಕ್ಷೆಯಾದ ಮೇಲೆ ಒಂದೆರಡು ದಿನ ಉರಿ, ನಸುಗೆಂಪು ಮೂತ್ರ ಸಹಜ, ನೀರು ಕುಡಿಯಿರಿ. ಜ್ವರ ಬಂದರೆ, ಮೂತ್ರ ಕಟ್ಟಿದರೆ ತಡಮಾಡದೆ ಬನ್ನಿ.

ಕಿಡ್ನಿ ಕಲ್ಲಿಗೆ ಬಳಸುವುದು ಇದಕ್ಕಿಂತ ಸಣ್ಣ, ಉದ್ದನೆ ಸ್ಕೋಪು, ಹೆಚ್ಚುಕಡಿಮೆ 3 ಮಿಲಿಮೀಟರ್. ಪೂರ್ತಿ ಅರಿವಳಿಕೆ ಕೊಟ್ಟು, ಮೂತ್ರದ ದಾರಿಯಲ್ಲೇ ಕಿಡ್ನಿಯವರೆಗೆ ಹೋಗಿ, ಕೂದಲಿನಂಥ ಫೈಬರಿನಿಂದ ಲೇಸರ್ ಬಿಟ್ಟು ಕಲ್ಲನ್ನು ಪುಡಿ ಮಾಡುತ್ತೇವೆ. ಎಲ್ಲೂ ಕೊಯ್ಯುವುದಿಲ್ಲ. 2 ಸೆಂಟಿಮೀಟರ್ ದಾಟಿದ ಕಲ್ಲಿಗೆ ಬೆನ್ನಿನ ಕಡೆಯಿಂದ ಸಣ್ಣ ತೂತು ಮಾಡಿ ತೆಗೆಯುವುದೇ ಸಾಮಾನ್ಯವಾಗಿ ಒಳ್ಳೇದು. ಆದರೆ ಕಲ್ಲು ಅಡ್ಡ ಕೂತು ಚಳಿಜ್ವರವೂ ಬಂದಿದ್ದರೆ ಆವತ್ತು ಲೇಸರ್ ಮಾತೇ ಇಲ್ಲ, ಮೊದಲು ಟ್ಯೂಬ್ ಹಾಕಿ ಕಟ್ಟಿಕೊಂಡ ಮೂತ್ರ ಹೊರಗೆ ಬಿಡಬೇಕು. ಸೋಂಕು ರಕ್ತಕ್ಕೆ ಏರಿದರೆ ಜೀವಕ್ಕೇ ಕುತ್ತು. ಇಂಥ ಹೊತ್ತಿನಲ್ಲಿ ಮನೆಯಲ್ಲಿ ಬಾಳೆದಿಂಡಿನ ರಸ ಕುಡಿಯುತ್ತಾ ಕೂತವರನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಇನ್ನೊಂದು ವಿಷಯ, ಸ್ಟೆಂಟ್. ಕಲ್ಲು ತೆಗೆದ ಮೇಲೆ ಎಷ್ಟೋ ಸಲ ಕಿಡ್ನಿಯಿಂದ ಮೂತ್ರಚೀಲಕ್ಕೆ ಬರುವ ನಾಳದೊಳಗೆ ತೆಳ್ಳನೆ ಟ್ಯೂಬ್ ಬಿಟ್ಟಿರುತ್ತೇವೆ. ನೋವು ಹೋಯಿತು, ಅದನ್ನು ತೆಗೆಸಬೇಕು ಅನ್ನುವುದು ಮರೆತೇ ಹೋಯಿತು. ವರ್ಷಗಟ್ಟಲೆ ಬಿಟ್ಟು ಬಂದವರಲ್ಲಿ ಅದರ ಎರಡೂ ತುದಿಗೆ ಕಲ್ಲು ಬೆಳೆದಿದ್ದನ್ನು ನೋಡಿದ್ದೇನೆ. ಜೆಲ್ಲಿ ಹಾಕಿ ಮೊದಲು ಹೇಳಿದ ಬಾಗುವ ಸ್ಕೋಪಿನಲ್ಲಿ ಐದು ನಿಮಿಷಕ್ಕೆ ಮುಗಿಯಬೇಕಿದ್ದ ಕೆಲಸಕ್ಕೆ ಆಗ ದೊಡ್ಡ ಆಪರೇಷನ್ನೇ ಬೇಕಾಗುತ್ತದೆ. ಅದಕ್ಕೆ ಡಿಸ್ಚಾರ್ಜ್ ದಿನ ಸ್ಟೆಂಟ್ ತೆಗೆಸುವ ತಾರೀಖನ್ನು ರೋಗಿಗೊಬ್ಬರಿಗೇ ಹೇಳಿ ಕಳಿಸುವುದಿಲ್ಲ, ಜೊತೆಗೆ ಬಂದವರ ಫೋನಿನಲ್ಲೂ ಅಲಾರಂ ಹಾಕಿಸುತ್ತೇನೆ.