ಜೀವಾವಧಿ ಶಿಕ್ಷೆಗೆ 14 ವರ್ಷದ ಲೆಕ್ಕ ಅಂಟಿಕೊಂಡದ್ದು ಹೇಗೆ?

ಕೊಲೆ ಪ್ರಕರಣವೊಂದರಲ್ಲಿ ಜೀವಾವಧಿ ಶಿಕ್ಷೆ ಪ್ರಕಟವಾದಾಗಲೆಲ್ಲ, 14 ವರ್ಷ ಕಳೆದರೆ ಅಪರಾಧಿ ಹೊರಗೆ ಬರುತ್ತಾನೆ ಎಂಬ ಮಾತೂ ಸುದ್ದಿಯ ಬೆನ್ನಿಗೇ ಬರುತ್ತದೆ. ಕಾನೂನಿನ ಯಾವ ಕಲಮೂ ಹಾಗೆ ಹೇಳುವುದಿಲ್ಲ. ಆದರೆ ಈ ನಂಬಿಕೆ ಗಾಳಿಯಲ್ಲಿ ಹುಟ್ಟಿದ್ದೂ ಅಲ್ಲ.

1860ರ ಭಾರತೀಯ ದಂಡ ಸಂಹಿತೆಯಲ್ಲಿ ಮರಣದಂಡನೆಯ ನಂತರದ ಘೋರ ಶಿಕ್ಷೆಯೆಂದರೆ ಆಜೀವ ಗಡಿಪಾರು; ಜನ ಅದನ್ನು ಕರಿನೀರಿನ ಶಿಕ್ಷೆ ಎಂದು ಕರೆದರು. ಸ್ವಾತಂತ್ರ್ಯಾನಂತರ, 1955ರ ತಿದ್ದುಪಡಿಯ ಮೂಲಕ ಅದರ ಜಾಗಕ್ಕೆ ಜೀವಾವಧಿ ಕಾರಾವಾಸ ಬಂದಿತು. ಅದರ ಅವಧಿ ಎಷ್ಟೆಂದು ಮಾತ್ರ ಸಂಹಿತೆ ಬಿಡಿಸಿ ಹೇಳಲಿಲ್ಲ. 57ನೇ ಕಲಂನಲ್ಲಿ ಜೀವಾವಧಿಯನ್ನು 20 ವರ್ಷಕ್ಕೆ ಸಮನೆಂದು ಎಣಿಸಬೇಕು ಎಂದಿತ್ತು. ಆದರೆ ಅದು ಶಿಕ್ಷೆಯ ಒಂದು ಭಾಗವನ್ನು ಲೆಕ್ಕ ಹಾಕುವ ಸಂದರ್ಭಕ್ಕೆ ಮಾತ್ರ: ಜೀವಾವಧಿ ಶಿಕ್ಷೆಗೆ ಅರ್ಹವಾದ ಅಪರಾಧಕ್ಕೆ ಯತ್ನಿಸಿದವನಿಗೆ ಅದರ ಅರ್ಧದಷ್ಟು ಶಿಕ್ಷೆ ಕೊಡಬಹುದಾದರೆ, ಆ ಅರ್ಧ 10 ವರ್ಷ. ಈ 20ರ ಅಂಕಿಯನ್ನೇ ಪೂರ್ಣ ಅವಧಿ ಎಂದು ಓದಿಕೊಂಡಲ್ಲಿಂದ ಗೊಂದಲ ಶುರುವಾಯಿತು.

ಮಹಾತ್ಮ ಗಾಂಧಿ ಹತ್ಯೆ ಪ್ರಕರಣದ ಅಪರಾಧಿ ಗೋಪಾಲ ಗೋಡ್ಸೆ, ಶಿಕ್ಷೆಯಲ್ಲಿ ಕಡಿತವಾಗಿ ಸಿಕ್ಕ ಮಾಫಿ ದಿನಗಳನ್ನೂ ಸೇರಿಸಿದರೆ ತನ್ನ 20 ವರ್ಷ ಮುಗಿದಿದೆ ಎಂದು ಸುಪ್ರೀಂ ಕೋರ್ಟಿನ ಮೊರೆಹೋದರು. 1961ರಲ್ಲಿ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಜೀವಾವಧಿ ಎಂದರೆ ಕೈದಿಯ ಸಹಜ ಆಯುಷ್ಯದ ಉಳಿದ ಭಾಗವೆಲ್ಲ. ಸರ್ಕಾರ ಆದೇಶ ಮಾಡದ ಹೊರತು ಬಿಡುಗಡೆ ಅವನ ಹಕ್ಕಲ್ಲ ಎಂದಿತು.

ತತ್ತ್ವ ಇಷ್ಟು ಸ್ಪಷ್ಟವಿದ್ದರೂ ಜೈಲಿನೊಳಗಿನ ನಡಾವಳಿ ಬೇರೆಯೇ ಆಗಿತ್ತು. ಸನ್ನಡತೆಗೆ, ದುಡಿಮೆಗೆ ದಿನಗಳ ಮಾಫಿ ಸಿಗುತ್ತದೆ. ಆ ದಿನಗಳನ್ನು ಕಳೆಯಲು ಒಂದು ನಿಗದಿತ ಅಂಕಿ ಬೇಕು. ಕೊನೆಯುಸಿರು ಯಾವಾಗ ನಿಲ್ಲುತ್ತದೆಂದು ಯಾರಿಗೂ ತಿಳಿಯದಾದ್ದರಿಂದ ಕಡತದಲ್ಲಿ 20 ವರ್ಷವೇ ಆಧಾರವಾಯಿತು. ಹೀಗೆ ಗಂಭೀರ ಅಪರಾಧಿಗಳೂ ಕೆಲವೇ ವರ್ಷಗಳಲ್ಲಿ ಹೊರಬರತೊಡಗಿದಾಗ ಸಂಸತ್ತು 1978ರಲ್ಲಿ ದಂಡ ಪ್ರಕ್ರಿಯಾ ಸಂಹಿತೆಗೆ 433ಎ ಕಲಂ ಸೇರಿಸಿತು. ಮರಣದಂಡನೆಯೂ ಸಾಧ್ಯವಿದ್ದ ಅಪರಾಧದಲ್ಲಿ ಜೀವಾವಧಿಗೆ ಗುರಿಯಾದವರು ಕನಿಷ್ಠ 14 ವರ್ಷ ಜೈಲಿನಲ್ಲಿ ಕಳೆಯಲೇಬೇಕು ಎಂಬುದು ಅದರ ಸಾರ. ಬೇಗ ಬಿಡುವುದನ್ನು ತಡೆಯಲು ತಂದ ಈ ಕನಿಷ್ಠ ಮಿತಿಯೇ ಜನರ ಮನಸ್ಸಿನಲ್ಲಿ ಗರಿಷ್ಠ ಮಿತಿಯಾಗಿ ಕುಳಿತದ್ದು ವಿಷಾದದ ಸಂಗತಿ.

ಮುಂದಿನ ಮುಖ್ಯ ತಿರುವು ಬಂದದ್ದು ಬೆಂಗಳೂರಿನ ಕೊಲೆ ಪ್ರಕರಣವೊಂದರಿಂದ. ಸ್ವಾಮಿ ಶ್ರದ್ಧಾನಂದ ಮತ್ತು ಕರ್ನಾಟಕ ರಾಜ್ಯದ ನಡುವಿನ ಆ ಮೊಕದ್ದಮೆಯಲ್ಲಿ ಅಪರಾಧದ ಬಗ್ಗೆ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳಲ್ಲಿ ಒಮ್ಮತವಿತ್ತು, ಶಿಕ್ಷೆಯ ಬಗ್ಗೆ ಇರಲಿಲ್ಲ. ಪ್ರಕರಣ ಮೂವರ ಪೀಠಕ್ಕೆ ಹೋಯಿತು. ಗಲ್ಲು ಅತಿಯಾಗಬಹುದು, ಆದರೆ ಜೀವಾವಧಿ ಎಂದು ಬರೆದರೆ ಅದು ಕಾರ್ಯತಃ 14 ವರ್ಷಕ್ಕೆ ಇಳಿಯುತ್ತದೆ ಎಂಬ ಇಕ್ಕಟ್ಟನ್ನು ಪೀಠ ಮುಚ್ಚಿಡದೆ ಹೇಳಿತು. ಈ ಅಂತರ ಹಾಗೆಯೇ ಉಳಿದರೆ ನ್ಯಾಯಾಧೀಶರು ಬೇರೆ ದಾರಿ ಕಾಣದೆ ಗಲ್ಲಿನ ಕಡೆಗೇ ವಾಲುವ ಅಪಾಯವಿತ್ತು. ಆದ್ದರಿಂದ 2008ರ ತೀರ್ಪು ಅಪರಾಧಿಯನ್ನು ಬದುಕಿರುವವರೆಗೆ ಬಿಡುಗಡೆ ಮಾಡಕೂಡದೆಂದು ನಿರ್ದೇಶಿಸಿ, ಮಾಫಿಗೆ ಒಳಪಡದ ಹೊಸ ಬಗೆಯ ಸಜೆಯೊಂದನ್ನು ರೂಪಿಸಿತು. ರಾಜೀವ್ ಗಾಂಧಿ ಹತ್ಯೆಯ ಅಪರಾಧಿಗಳಿಗೆ ಸಂಬಂಧಿಸಿದ 2015ರ ಪ್ರಕರಣದಲ್ಲಿ ಸಂವಿಧಾನ ಪೀಠವು 3:2ರ ಬಹುಮತದಿಂದ ಇದನ್ನು ಎತ್ತಿಹಿಡಿಯಿತಾದರೂ, ಇಂಥ ಸಜೆ ವಿಧಿಸುವ ಅಧಿಕಾರವನ್ನು ಹೈಕೋರ್ಟ್ ಮತ್ತು ಸುಪ್ರೀಂ ಕೋರ್ಟಿಗಷ್ಟೇ ಸೀಮಿತಗೊಳಿಸಿತು. ರಾಷ್ಟ್ರಪತಿ ಮತ್ತು ರಾಜ್ಯಪಾಲರ ಕ್ಷಮಾದಾನದ ಅಧಿಕಾರ ಮಾತ್ರ ಹಾಗೆಯೇ ಉಳಿಯಿತು.

ಶಾಸನ ರೂಪಿಸುವವರು ಮಾಡಬೇಕಿದ್ದ ಕೆಲಸವನ್ನು ಇಲ್ಲಿ ತೀರ್ಪುಗಳು ಮಾಡಿವೆ. 2013ರ ತಿದ್ದುಪಡಿಯಲ್ಲಿ ಅತ್ಯಾಚಾರದ ಕೆಲವು ಪ್ರಕರಣಗಳಿಗೆ ಜೀವಾವಧಿ ಎಂದರೆ ಸಹಜ ಆಯುಷ್ಯದ ಉಳಿದ ಭಾಗ ಎಂದು ಸಂಸತ್ತು ಸ್ಪಷ್ಟವಾಗಿ ಬರೆಯಿತು. ಕೊಲೆಯ ಸಾಮಾನ್ಯ ಕಲಮಿಗೆ ಹಾಗೆ ಬರೆಯಲಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯೂ ಇದೇ ವ್ಯತ್ಯಾಸವನ್ನು ಮುಂದುವರಿಸಿದೆ. 20 ವರ್ಷದ ಲೆಕ್ಕ ಅದರ 6ನೇ ಕಲಮಿನಲ್ಲಿದೆ. ಹೀಗಾಗಿ ಕೊಲೆ ಪ್ರಕರಣದ ತೀರ್ಪಿನಲ್ಲಿ ಬರಿಯ ಜೀವಾವಧಿ ಎಂದಿದ್ದರೆ, ಶಿಕ್ಷೆ ಎಷ್ಟು ವರ್ಷವೆಂಬುದು ಸತ್ತವರ ಮನೆಯವರಿಗಾಗಲಿ ಕೈದಿಯ ಮನೆಯವರಿಗಾಗಲಿ ಅಂದು ತಿಳಿಯುವುದಿಲ್ಲ; 14 ವರ್ಷದ ನಂತರ ಅವಧಿಪೂರ್ವ ಬಿಡುಗಡೆಯ ಕಡತ ಸರ್ಕಾರದ ಮುಂದೆ ಬಂದಾಗಷ್ಟೇ ಅದು ತೀರ್ಮಾನವಾಗುತ್ತದೆ.