ಸತ್ತ ಬ್ಯಾಜರ್ ಎಲ್ಲಿ ಬಿದ್ದಿತ್ತು?

ಮಾರ್ಚ್ ತಿಂಗಳ ಒಂದು ಬೆಳಗ್ಗೆ ಇಂಗ್ಲೆಂಡಿನ ಡೆವನ್‌ನಲ್ಲಿ ಹಳ್ಳಿ ರಸ್ತೆಯ ಅಂಚಿಗೆ ಒಂದು ಬ್ಯಾಜರ್ ಬಿದ್ದಿತ್ತು. ನಮ್ಮ ತರಕರಡಿಯ ದೂರದ ನೆಂಟ ಈ ಪ್ರಾಣಿ. ಮುಖದ ಕಪ್ಪು ಬಿಳುಪು ಪಟ್ಟೆಗಳ ಮೇಲೆ ಇಬ್ಬನಿ ಕೂತಿತ್ತು. ಕೈಗವಸು ತೊಟ್ಟು ಮೆಲ್ಲಗೆ ಮಗ್ಗುಲು ಹೊರಳಿಸಿದೆ. ಮೊಲೆತೊಟ್ಟುಗಳು ಉಬ್ಬಿದ್ದವು, ಸುತ್ತಲಿನ ಕೂದಲು ಸವೆದಿತ್ತು. ಮರಿಗಳಿಗೆ ಹಾಲೂಡಿಸುತ್ತಿದ್ದ ತಾಯಿ.

ಇಲ್ಲಿ ಬ್ಯಾಜರ್ ಮರಿಗಳು ಹೆಚ್ಚಾಗಿ ಫೆಬ್ರುವರಿಯಲ್ಲಿ ಹುಟ್ಟುತ್ತವೆ. ಸುಮಾರು 8 ವಾರ ಬಿಲದಿಂದ ಹೊರಗೆ ಬರುವುದಿಲ್ಲ. ವನ್ಯಜೀವಿ ವೈದ್ಯೆಯಾಗಿ ನನಗೆ ಆ ತಿಂಗಳುಗಳಲ್ಲಿ ಸತ್ತ ಹೆಣ್ಣು ಕಂಡರೆ ಮೊದಲು ಏಳುವ ಪ್ರಶ್ನೆ: ಬಿಲ ಎಲ್ಲಿದೆ? ಅಂದು ಬೇಲಿಯ ಬುಡದಲ್ಲಿ ಹುಲ್ಲು ಸವೆದು ಕಿರಿದಾದ ಜಾಡು ಮೂಡಿತ್ತು. ಮುಳ್ಳುತಂತಿಯ ಕೆಳಗಿನ ಎಳೆಗೆ ನಾಲ್ಕಾರು ಒರಟು ಕೂದಲು ಸಿಕ್ಕಿಕೊಂಡಿದ್ದವು. ತುದಿಯ ಹತ್ತಿರ ಕಪ್ಪು ಪಟ್ಟಿ, ಉಳಿದದ್ದು ಬಿಳಿ. ಬ್ಯಾಜರಿನದೇ. ಜಾಡು ಹಿಡಿದು ಹೋದರೆ ಬಿಲ ಸಿಕ್ಕಿತು. ಅದನ್ನು ಅಗೆಯುವಂತಿಲ್ಲ, 1992ರ ಬ್ಯಾಜರ್ ಸಂರಕ್ಷಣಾ ಕಾಯ್ದೆ ಪ್ರಾಣಿಯ ಜೊತೆಗೆ ಬಿಲವನ್ನೂ ಕಾಯುತ್ತದೆ. ಸ್ಥಳೀಯ ಸಂರಕ್ಷಕರಿಗೆ ತಿಳಿಸಿದೆ. ಹಸಿದ ಮರಿಗಳು ತಾವಾಗಿಯೇ ಹೊರಬಂದರೆ ಹಿಡಿಯಲು ಅವರು ಮುಸ್ಸಂಜೆಗೆ ಅಲ್ಲಿ ಕಾದು ಕೂತರು.

ಬ್ಯಾಜರ್‌ಗಳು ತಲೆತಲಾಂತರದಿಂದ ಅದೇ ಬಿಲ, ಅದೇ ಜಾಡು ಬಳಸುತ್ತವೆ. ರಸ್ತೆ ಬಂದದ್ದು ಆಮೇಲೆ. ಹೀಗಾಗಿ ಸಾವು ಒಂದೇ ಜಾಗದಲ್ಲಿ ಮರುಕಳಿಸುತ್ತದೆ. ಆ ಜಾಗ ನಿಖರವಾಗಿ ಗೊತ್ತಾದರೆ ರಸ್ತೆಯಡಿ ಸುರಂಗ ಮಾಡಿ, ಅತ್ತ ತಿರುಗಿಸುವ ಬೇಲಿ ಹಾಕಲು ಒತ್ತಾಯಿಸಬಹುದು. "ಎಕ್ಸೆಟರ್ ದಾರಿಯಲ್ಲಿ ಎಲ್ಲೋ ನೋಡಿದೆ" ಎನ್ನುವ ವರದಿಯಿಂದ ಅದಾಗದು.

ಬ್ರಿಟನ್ನಿನ ರಸ್ತೆಗಳಲ್ಲಿ ವರ್ಷಕ್ಕೆ ಸುಮಾರು 50,000 ಬ್ಯಾಜರ್‌ಗಳು ಸಾಯುತ್ತವೆ ಎನ್ನುತ್ತಾರೆ. ಇದು ಎಣಿಕೆಯಲ್ಲ, ಅಂದಾಜು. 1988ರ ರಸ್ತೆ ಸಂಚಾರ ಕಾಯ್ದೆಯ ಪ್ರಕಾರ ನಾಯಿ, ಕುದುರೆ, ದನ, ಕತ್ತೆ, ಹೇಸರಗತ್ತೆ, ಕುರಿ, ಹಂದಿ, ಆಡುಗಳಿಗೆ ವಾಹನ ತಾಗಿದರೆ ಚಾಲಕ ನಿಲ್ಲಿಸಲೇಬೇಕು. ಆ ಪಟ್ಟಿಯಲ್ಲಿ ಬ್ಯಾಜರ್ ಇಲ್ಲ. ಕಾನೂನು ಕೇಳದಿದ್ದ ಮೇಲೆ ಲೆಕ್ಕ ಉಳಿಯುವುದು ದಾರಿಹೋಕರ ಕೈಯಲ್ಲಿ ಮಾತ್ರ. ಕಾರ್ಡಿಫ್ ವಿಶ್ವವಿದ್ಯಾಲಯ 2013ರಲ್ಲಿ ಜನರಿಂದಲೇ ರಸ್ತೆ ಸಾವುಗಳ ಮಾಹಿತಿ ಸಂಗ್ರಹಿಸಲು ಆರಂಭಿಸಿತು. ಬ್ಯಾಜರ್ ಟ್ರಸ್ಟ್ ಕೂಡ ವರದಿ ಸ್ವೀಕರಿಸುತ್ತದೆ. ಬ್ರಿಟನ್ನಿನಲ್ಲಿ ಕಾರು ಓಡಿಸುವ ಕನ್ನಡಿಗರೇ, ದಿನಾಂಕ, ರಸ್ತೆಯ ಸಂಖ್ಯೆ ಮತ್ತು ಮೊಬೈಲ್ ತೋರಿಸುವ ಸ್ಥಳಸೂಚಿ ಬರೆದು ಕಳಿಸಿ. ಕಾರು ಓಡಿಸುತ್ತಾ ಬೇಡ, ಮುಂದೆ ಎಲ್ಲಾದರೂ ನಿಲ್ಲಿಸಿ. ಪ್ರಾಣಿಯನ್ನು ಮುಟ್ಟಬೇಕಿಲ್ಲ, ಕ್ಷಯದ ಸೋಂಕು ಇರಬಹುದು. ಜೀವವಿದ್ದರಂತೂ ಹತ್ತಿರ ಹೋಗಬೇಡಿ, ಅದರ ಕಡಿತ ಭಯಂಕರ. ವನ್ಯಜೀವಿ ರಕ್ಷಕರಿಗೆ ಫೋನ್ ಮಾಡಿ.

ಇನ್ನೊಂದು ಮಾತು. ರಸ್ತೆಯಲ್ಲಿ ಬಿದ್ದದ್ದೆಲ್ಲ ವಾಹನಕ್ಕೆ ಸಿಕ್ಕಿದ್ದಲ್ಲ. ನಾಯಿಗಳನ್ನು ಛೂ ಬಿಟ್ಟು ಕೊಂದವರು, ಗುಂಡಿಕ್ಕಿದವರು ಕಳೇಬರವನ್ನು ರಸ್ತೆಗೆ ಎಸೆದು ಅಪಘಾತದಂತೆ ತೋರಿಸುವುದುಂಟು. ಕೆಳದವಡೆಯಲ್ಲಿ ಹರಿದ ಗಾಯ ಅಥವಾ ಕುತ್ತಿಗೆಯಲ್ಲಿ ತಂತಿಯ ಗುರುತು ಕಂಡರೆ ಅಲುಗಿಸದೆ ಫೋಟೊ ತೆಗೆದು, ಪೊಲೀಸರಿಗೆ ತಿಳಿಸಿ.