ರಿಜಿಸ್ಟರ್ ಮಾಡಿಸದ ಫೋಟೊ ಯಾರದು?

ಪ್ರಶ್ನೆ: ಸೋಮವಾರಪೇಟೆ ಹತ್ತಿರ ನಮ್ಮದೊಂದು ಹೋಮ್‌ಸ್ಟೇ ಇದೆ. ತೋಟದಲ್ಲಿ ಕಾಫಿ ಹೂ ಅರಳಿದಾಗ ನಾನು ತೆಗೆದ ಫೋಟೊವನ್ನು ಬೇರೊಂದು ಹೋಮ್‌ಸ್ಟೇಯವರು ತಮ್ಮದೇ ತೋಟ ಅನ್ನುವಂತೆ ಜಾಹೀರಾತಿಗೆ ಹಾಕಿಕೊಂಡಿದ್ದಾರೆ. ಕೇಳಿದರೆ, ‘ಕಾಪಿರೈಟ್ ಮಾಡಿಸಿದ್ದೀರಾ?’ ಅಂತಾರೆ. ಮಾಡಿಸಿಲ್ಲ. ನನಗೆ ಹಕ್ಕಿಲ್ವಾ?

ಉತ್ತರ: ಖಂಡಿತ ಇದೆ. ಫೋಟೊ ತೆಗೆದ ಕೂಡಲೇ ಅದರ ಹಕ್ಕು ನಿಮ್ಮದಾಯಿತು. 1957ರ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಯಲ್ಲಿ ನೋಂದಣಿ ಕಡ್ಡಾಯ ಅಲ್ಲ. ಆ ಪ್ರಶ್ನೆ ನಿಮ್ಮ ಬಾಯಿ ಮುಚ್ಚಿಸೋಕೆ ಅಷ್ಟೆ. ಹಕ್ಕು ನೀವು ಇರುವವರೆಗೂ ಇರುತ್ತದೆ, ಆಮೇಲೆ ಇನ್ನೂ 60 ವರ್ಷ ನಿಮ್ಮ ವಾರಸುದಾರರಿಗೆ.

ಹಾಗಾದರೆ ನೋಂದಣಿ ಯಾಕೆ? ಜಗಳ ಕೋರ್ಟು ಮೆಟ್ಟಿಲೇರಿದರೆ ಅದು ಮೇಲ್ನೋಟಕ್ಕೇ ಸಾಕ್ಷಿಯಾಗುತ್ತದೆ. ಅಲ್ಲ ಅನ್ನುವವರು ಅದನ್ನು ತೋರಿಸಿಕೊಡಬೇಕು. ಅರ್ಜಿ ಆನ್‌ಲೈನ್‌ನಲ್ಲೇ ಹಾಕಬಹುದು, ದೆಹಲಿಗೆ ಓಡಬೇಕಿಲ್ಲ. ಫೋಟೊಗೆ ಶುಲ್ಕ 500 ರೂಪಾಯಿ. ಕಾಫಿಪುಡಿ ಪ್ಯಾಕೆಟ್ಟಿನ ಲೇಬಲ್ಲಿನಂತೆ ಸರಕಿನ ಮೇಲೆ ಬಳಸುವ ಚಿತ್ರಕ್ಕೆ 2,000. ಅರ್ಜಿಗೆ ಡೈರಿ ನಂಬರ್ (ದಾಖಲೆ ಸಂಖ್ಯೆ) ಕೊಟ್ಟು, ಯಾರದಾದರೂ ತಕರಾರು ಇದೆಯಾ ಅಂತ 30 ದಿನ ಕಾಯುತ್ತಾರೆ. ಪರಿಶೀಲನೆ ಶುರುವಾಗೋದು ಆಮೇಲೆ. ಲೇಬಲ್ಲಿಗೆ ಮಾಡಿಸಿ. ತೋಟದ ಪ್ರತಿ ಫೋಟೊಗೂ ಮಾಡಿಸೋದು ನನ್ನ ಪ್ರಕಾರ ದುಡ್ಡು ದಂಡ.

ಅದಕ್ಕಿಂತ ಜಾಸ್ತಿ ಕೆಲಸಕ್ಕೆ ಬರೋದು ಮೂಲ ಫೈಲು. ಅದರೊಳಗೆ ಫೋಟೊ ತೆಗೆದ ದಿನ, ಹೊತ್ತು, ಯಾವ ಫೋನು ಎಲ್ಲ ದಾಖಲಾಗಿರುತ್ತದೆ. ವಾಟ್ಸಾಪಿನಲ್ಲಿ ಫೋಟೊ ಆಗಿ ಕಳಿಸಿದರೆ ಈ ವಿವರ ಉಳಿಯೋದಿಲ್ಲ, ಗುಣಮಟ್ಟವೂ ಇಳಿಯುತ್ತದೆ. ಅವರ ಕೈಯಲ್ಲಿ ಇರೋದು ಬಹುಶಃ ಅಂಥ ಪ್ರತಿ. ಆ ಹೂವಿನ ಹಿಂದೆ-ಮುಂದೆ ತೆಗೆದ ಅಲುಗಿದ ಫೋಟೊಗಳನ್ನೂ ಅಳಿಸಬೇಡಿ. ಕದ್ದವರ ಹತ್ತಿರ ಅವು ಇರೋದಿಲ್ಲ ಅಲ್ವಾ?

ಒಂದು ಮಾತು ಖಚಿತ ಮಾಡಿಕೊಳ್ಳಿ: ಫೋಟೊ ತೆಗೆದದ್ದು ನೀವೇ ತಾನೇ? ದುಡ್ಡು ಕೊಟ್ಟು ಫೋಟೊಗ್ರಾಫರನ್ನು ಕರೆಸಿದ್ದರೂ, ಬೇರೆ ಒಪ್ಪಂದ ಇಲ್ಲದಿದ್ದರೆ ಕಾನೂನಿನ ಪ್ರಕಾರ ಹಕ್ಕು ತೆಗೆಸಿದವರದೇ. ಮದುವೆ ಫೋಟೊಗೂ ಇದೇ ಲೆಕ್ಕ, ಬಹಳ ಜನ ಉಲ್ಟಾ ತಿಳಿದಿದ್ದಾರೆ. ಆದರೆ ನಿಮ್ಮಲ್ಲಿ ಉಳಿದ ಅತಿಥಿಯೊಬ್ಬರು ತಮ್ಮ ಖುಷಿಗೆ ತೆಗೆದು ಕಳಿಸಿದ ಫೋಟೊ ಅವರದು. ಅದನ್ನು ಜಾಹೀರಾತಿಗೆ ಹಾಕಲು ನೀವೂ ಕೇಳಲೇಬೇಕು.

ಈ ಹಕ್ಕು ನಿಮ್ಮ ಫೋಟೊಗೆ ಮಾತ್ರ. ಬೇಲಿಯಾಚೆ ನಿಂತು ಅದೇ ಗಿಡಗಳ ಫೋಟೊವನ್ನು ಅವರೇ ತೆಗೆದುಕೊಂಡರೆ ಕಾಪಿರೈಟ್ ಅಡ್ಡ ಬರೋದಿಲ್ಲ. ಹೋಮ್‌ಸ್ಟೇ ಹೆಸರು ಕಾಪಾಡಿಕೊಳ್ಳಲು ಟ್ರೇಡ್‌ಮಾರ್ಕ್ ಬೇಕು, ಅದರ ದಾರಿಯೇ ಬೇರೆ.

ಈಗ ಮಾಡಬೇಕಾದ್ದು: ಮೊದಲು ಅವರ ಜಾಹೀರಾತಿನ ಸ್ಕ್ರೀನ್‌ಶಾಟ್ ತೆಗೆಯಿರಿ, ದಿನಾಂಕ ಮತ್ತು ಲಿಂಕ್ ಸಮೇತ. ಆಮೇಲೆ ಫೋಟೊ ತೆಗೆದುಹಾಕುವಂತೆ ಬರಹದಲ್ಲಿ ಕೇಳಿ. ಜಾಹೀರಾತು ಬುಕಿಂಗ್ ಸೈಟಿನಲ್ಲಿದ್ದರೆ ಅಲ್ಲಿಗೂ ದೂರು ಕೊಡಿ. ಬಗ್ಗದಿದ್ದರೆ ವಕೀಲರ ನೋಟಿಸು. ಆ ಹೋಮ್‌ಸ್ಟೇಯ ಮಾಲೀಕರು ಬೆಂಗಳೂರಿನಲ್ಲಿದ್ದರೂ, ನೀವು ವಾಸ ಮಾಡುವ ಜಿಲ್ಲೆಯ ಕೋರ್ಟಿನಲ್ಲೇ ದಾವೆ ಹೂಡಲು ಕಾಯ್ದೆಯಲ್ಲಿ ಅವಕಾಶ ಇದೆ. ಅಂದರೆ ಮಡಿಕೇರಿಯಲ್ಲೇ.